ಬ್ಯಾಟರಿ ದೀಪ ಉರಿದರೆ ಊರು ಮುಟ್ಟಬಹುದೆ?

ಕೊಹೀರ್ : ಜಹೀರಾಬಾದಿನಲ್ಲಿ ಕೆಲಸ ಮುಗಿಸಿ ಕತ್ತಲಾದ ಮೇಲೆ ಊರ ಕಡೆ ಹೊರಟಿದ್ದೀರಿ. ಸ್ಟೇರಿಂಗ್ ಹಿಂದೆ ಬ್ಯಾಟರಿ ಚಿತ್ರದ ಕೆಂಪು ದೀಪ ಹತ್ತಿಕೊಂಡಿತು. ಗಾಡಿಯೇನೋ ಚೆನ್ನಾಗಿಯೇ ಓಡುತ್ತಿದೆ. ಮನೆ ಮುಟ್ಟಿ ನಾಳೆ ಮಿಸ್ತ್ರಿಗೆ ತೋರಿಸೋಣ ಎನ್ನುವವರೇ ಹೆಚ್ಚು. ಅಲ್ಲೇ ತಪ್ಪುವುದು!

ಈ ದೀಪ ಹತ್ತಿದರೆ ಬ್ಯಾಟರಿ ಕೆಟ್ಟಿದೆ ಎಂದು ತಿಳಿದು ಹೊಸ ಬ್ಯಾಟರಿ ತಂದವರಿದ್ದಾರೆ. ಅದರ ನಿಜವಾದ ಅರ್ಥ, ಬ್ಯಾಟರಿಗೆ ಚಾರ್ಜ್ ಬರುತ್ತಿಲ್ಲ ಎಂದು. ಚಾರ್ಜ್ ಕೊಡುವುದು ಆಲ್ಟರ್ನೇಟರ್. ನಮ್ಮ ಮಿಸ್ತ್ರಿಗಳ ಬಾಯಲ್ಲಿ ಅದು ಇಂದಿಗೂ ಡೈನಮೋ.

ಗಾಡಿ ಬದಿಗೆ ಹಾಕಿ, ಎಂಜಿನ್ ಬಂದ್ ಮಾಡಿ, ಬಾನೆಟ್ ಎತ್ತಿ ಬೆಲ್ಟ್ ನೋಡಿ. 1983ರಲ್ಲಿ ಬಂದು 2014ರಲ್ಲಿ ನಿಂತ ಮಾರುತಿ 800ರಂಥ ಹಳೆಯ ಸಣ್ಣ ಕಾರುಗಳಲ್ಲಿ ಇದೇ ಬೆಲ್ಟ್ ನೀರಿನ ಪಂಪನ್ನೂ ತಿರುಗಿಸುತ್ತದೆ. ಬೆಲ್ಟ್ ಹರಿದಿದ್ದರೆ ನೀರು ತಿರುಗದೆ ಎಂಜಿನ್ ಕಾಯ್ದು ಗ್ಯಾಸ್ಕೆಟ್ ಹೋಗುತ್ತದೆ. ಒಂದು ಬೆಲ್ಟಿನ ಖರ್ಚು ಎಂಜಿನ್ ಬಿಚ್ಚುವ ಖರ್ಚಾಗುತ್ತದೆ. ಆಗ ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ.

ಬೆಲ್ಟ್ ಸರಿಯಿದ್ದರೆ ಸ್ವಲ್ಪ ಲೆಕ್ಕ ಹಾಕಿ. ಸಣ್ಣ ಕಾರಿನ ಬ್ಯಾಟರಿ ಸಾಮಾನ್ಯವಾಗಿ 35 ಆಂಪಿಯರ್ ಅವರ್‌ನದು. 55 ವ್ಯಾಟಿನ ಎರಡು ಹೆಡ್‌ಲೈಟುಗಳೇ ಸುಮಾರು 9 ಆಂಪಿಯರ್ ಎಳೆಯುತ್ತವೆ. ರೇಡಿಯೇಟರ್ ಫ್ಯಾನು, ವೈಪರ್, ಎಸಿ ಸೇರಿದರೆ ಬ್ಯಾಟರಿ ಬೇಗ ಬರಿದಾಗುತ್ತದೆ. ಹಗಲಲ್ಲಾದರೆ ಟೇಪು, ಎಸಿ ಬಂದ್ ಮಾಡಿ ಹತ್ತಿರದ ಗ್ಯಾರೇಜು ಮುಟ್ಟಬಹುದು. ದಾರಿಯಲ್ಲಿ ಎಂಜಿನ್ ಆರಿಸಬೇಡಿ, ಮತ್ತೆ ಸ್ಟಾರ್ಟ್ ಆಗುವುದು ಅನುಮಾನ. ರಾತ್ರಿಯಾದರೆ ಸಾಹಸ ಬೇಡ. ಹೆದ್ದಾರಿಯ ಲಾರಿಗಳ ನಡುವೆ ದೀಪವಿಲ್ಲದ ಕಾರು ಯಾರಿಗೂ ಕಾಣುವುದಿಲ್ಲ.

ಎಣ್ಣೆ ಗಿಂಡಿಯ ಚಿತ್ರದ ಕೆಂಪು ದೀಪ ಇದಕ್ಕಿಂತ ಕೆಟ್ಟದ್ದು. ಆಯಿಲ್ ಒತ್ತಡ ಬಿದ್ದಿದೆ ಎಂದರ್ಥ. ತಕ್ಷಣ ಆರಿಸಿ, ಕಡ್ಡಿ ಎಳೆದು ನೋಡಿ. ಆಯಿಲ್ ಮಟ್ಟ ಸರಿಯಿದ್ದೂ ದೀಪ ಹತ್ತಿದರೆ ಎಳೆಸಿಕೊಂಡೇ ಹೋಗಬೇಕು. ಬ್ರೇಕ್ ದೀಪವಾದರೆ ಮೊದಲು ಹ್ಯಾಂಡ್‌ಬ್ರೇಕ್ ನೋಡಿ, ಆಮೇಲೆ ಬ್ರೇಕ್ ಆಯಿಲ್ ಡಬ್ಬಿ. ಹಳದಿ ಎಂಜಿನ್ ದೀಪ ಸುಮ್ಮನೆ ಉರಿಯುತ್ತಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು, ಮಿಣುಕುತ್ತಿದ್ದರೆ ನಿಲ್ಲಿಸುವುದೇ ಲೇಸು.

ಹೈದರಾಬಾದಿನಿಂದಲೋ ಬೀದರಿನಿಂದಲೋ ಸೆಕೆಂಡ್ ಹ್ಯಾಂಡ್ ಕಾರು ತರುವವರು ಇದನ್ನು ಗಮನಿಸಿ. ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿ ಮಾತ್ರ ಆನ್ ಮಾಡಿ. ಬ್ಯಾಟರಿ, ಆಯಿಲ್, ಎಂಜಿನ್ ದೀಪಗಳು ಉರಿಯಬೇಕು. ಸ್ಟಾರ್ಟ್ ಮಾಡಿದ ಮೇಲೆ ಆರಬೇಕು. ಯಾವುದಾದರೂ ದೀಪ ಉರಿಯಲೇ ಇಲ್ಲವೆಂದರೆ ಬಲ್ಬ್ ಸುಟ್ಟಿರಬಹುದು, ಇಲ್ಲವೆ ದೋಷ ಮುಚ್ಚಲು ಯಾರೋ ಕಿತ್ತಿರಬಹುದು. ಅದು ತಿಳಿಯದೆ ರೇಟಿನ ಮಾತು ಬೇಡ.

ಬೆಳಿಗ್ಗೆ ಸೆಲ್ಫ್ ಹೊಡೆದರೆ ಬರೀ ಟಿಕ್ ಟಿಕ್ ಶಬ್ದವೆ? ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದೆಯೇ ನೋಡಿ. ಮೈನಸ್ ತಂತಿಯನ್ನು ಮೊದಲು ಬಿಚ್ಚಿ, ಬಿಸಿನೀರಿನಿಂದ ತೊಳೆದು, ಒಣಗಿಸಿ ಬಿಗಿ ಮಾಡಿ. ಜೋಡಿಸುವಾಗ ಮೈನಸ್ ಕೊನೆಗೆ. ಹೆಡ್‌ಲೈಟ್ ಹಾಕಿದರೆ ಇಂಡಿಕೇಟರ್ ಮಂಕಾಗುವಂಥ ವಿಚಿತ್ರಗಳಿಗೆ ಹೆಚ್ಚಾಗಿ ಸಡಿಲವಾದ ಅರ್ತ್ ತಂತಿಯೇ ಕಾರಣ. ಅಗ್ಗದ ಮೀಟರ್ ಒಂದಿದ್ದರೆ ಒಳ್ಳೆಯದು : ನಿಂತ ಗಾಡಿಯಲ್ಲಿ 12.6 ವೋಲ್ಟ್, ಎಂಜಿನ್ ಓಡುವಾಗ 13.8ರಿಂದ 14.4 ಇರಬೇಕು. ಓಡುವಾಗಲೂ 12ರ ಆಸುಪಾಸಿನಲ್ಲೇ ಇದ್ದರೆ ಡೈನಮೋ ಕೆಲಸ ಮಾಡುತ್ತಿಲ್ಲ.

ಫ್ಯೂಸ್ ಹೋದರೆ ತಾಮ್ರದ ತಂತಿ, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ತುರುಕುವ ಚಾಳಿ ನಮ್ಮಲ್ಲಿ ಇನ್ನೂ ಇದೆ. ಫ್ಯೂಸ್ ಸುಡದಿದ್ದರೆ ವೈರಿಂಗ್ ಸುಡುತ್ತದೆ, ಆಮೇಲೆ ಕಾರು. ಕೆಂಪು ಫ್ಯೂಸ್ 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಅದೇ ಬಣ್ಣದ್ದನ್ನೇ ಹಾಕಿ. ಹೊಸದೂ ಕೂಡಲೇ ಸುಟ್ಟರೆ ಎಲ್ಲೋ ತಂತಿ ಬಾಡಿಗೆ ತಾಗುತ್ತಿದೆ. ತೋಟದ ಮನೆಗಳಲ್ಲಿ ಇಲಿಯನ್ನೇ ಮೊದಲು ಅನುಮಾನಿಸಿ!