ಕನಕಾಂಬರ

ಸಂಸ್ಕೃತದ ‘ಕನಕ’ ಎಂದರೆ ಚಿನ್ನ, ‘ಅಂಬರ’ ಎಂದರೆ ಇಲ್ಲಿ ಬಟ್ಟೆ. ಹೂವಿನ ಎಸಳು ನಿಜಕ್ಕೂ ರೇಷ್ಮೆಯ ಚೂರಿನಷ್ಟು ತೆಳು. ಬಣ್ಣ ಮಾತ್ರ ಚಿನ್ನಕ್ಕಿಂತ ಕಿತ್ತಳೆಗೇ ಹತ್ತಿರ. ಸೀರೆ ಅಂಗಡಿಯಲ್ಲಿ ‘ಕನಕಾಂಬರ ಬಣ್ಣ’ ಎಂದರೆ ಸಾಕು, ಬೇರೆ ವಿವರಣೆ ಬೇಡ. ಕರಾವಳಿಯಲ್ಲಿ ಇದೇ ಹೂವು ಅಬ್ಬಲಿಗೆ, ಮರಾಠಿಯಲ್ಲಿ ಅಬೋಲಿ. ಪರಿಮಳವಿಲ್ಲ, ಆದರೆ ಬೇಗ ಬಾಡುವುದಿಲ್ಲ, ಮುಡಿಗೆ ಭಾರವೂ ಅಲ್ಲ. ಅದಕ್ಕೇ ಮಲ್ಲಿಗೆಯ ಜೊತೆ ಸೇರಿಸಿ ಕಟ್ಟುತ್ತಾರೆ: ಕಂಪು ಅದರದು, ಕೆಂಪು ಇದರದು. ಹೂವು ತೆನೆಯ ಬುಡದಿಂದ ತುದಿಯತ್ತ ಅರಳುತ್ತ ಹೋಗುತ್ತದೆ. ಒಣಗಿದ ತೆನೆಗೆ ಒಮ್ಮೆ ನೀರು ಚಿಮುಕಿಸಿ ನೋಡಬೇಕು; ಕಾಯಿ ಚಟ್ಟನೆ ಸಿಡಿದು ಬೀಜ ದೂರ ಹಾರುತ್ತದೆ. ‘ಡೆಲ್ಲಿ ಕನಕಾಂಬರ’ ತಳಿ ಬೀಜ ಕಟ್ಟುವುದಿಲ್ಲ, ಕಡ್ಡಿ ನೆಟ್ಟೇ ಬೆಳೆಸಬೇಕು.