ದತ್ತುಮಗ ಮಗನಲ್ಲವೆ?

ಹೆತ್ತವರಷ್ಟೇ ತಂದೆ ತಾಯಿಯರೆ, ಸಾಕಿದವರೂ ಅಲ್ಲವೆ? ಮನೆಯೊಳಗಿನ ಈ ಪ್ರಶ್ನೆ ಕರ್ನಾಟಕದಲ್ಲಿ ಒಮ್ಮೆ ಯುದ್ಧಕ್ಕೇ ಕಾರಣವಾಗಿತ್ತು.

1824ರ ಸೆಪ್ಟೆಂಬರ್‌ನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುನ್ನ ದೊರೆ ಬಾಲಕನೊಬ್ಬನನ್ನು ದತ್ತು ತೆಗೆದುಕೊಂಡಿದ್ದಾನೆಂದು ಅರಮನೆ ತಿಳಿಸಿತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಅದನ್ನು ಮಾನ್ಯ ಮಾಡಲಿಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಆತ ಹತನಾದ. ಡಿಸೆಂಬರ್‌ನಲ್ಲಿ ಕೋಟೆ ಕಂಪನಿಯ ಕೈಸೇರಿತು. ದತ್ತುಮಗನ ಹಕ್ಕಿಗಾಗಿ ಹೋರಾಡಿದ ರಾಣಿ ಚೆನ್ನಮ್ಮ ಆ ದೊರೆಯ ಹೆತ್ತ ತಾಯಿಯಲ್ಲ, ಮಲತಾಯಿ ಎಂಬುದು ಗಮನಾರ್ಹ. ಆಕೆ ಕಾದಿದ್ದು ರಕ್ತಸಂಬಂಧಕ್ಕಾಗಿ ಅಲ್ಲ.

ಮೈಸೂರಿನಲ್ಲಿ ನಡೆದದ್ದೇ ಬೇರೆ. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ಪಡೆದರು. ಮೊದಲು ಒಪ್ಪದ ಬ್ರಿಟಿಷರು 1867ರಲ್ಲಿ ಒಪ್ಪಿದರು. 1831ರಲ್ಲಿ ಒಡೆಯರಿಂದ ಕಸಿದುಕೊಂಡಿದ್ದ ಆಡಳಿತ 1881ರಲ್ಲಿ ಈ ದತ್ತುಪುತ್ರನಿಗೇ ಮರಳಿತು.

ದತ್ತುಮಗನನ್ನು ಮಗನೆಂದೇ ಎಣಿಸುವ ನಾಡಿನ ಪದ್ಧತಿ ಎರಡೂ ಸಲ ಒಂದೇ ಆಗಿತ್ತು. ಬದಲಾದದ್ದು ಆಳುವವರ ಅನುಕೂಲ. ನಡುವೆ 1857ರ ದಂಗೆ ನಡೆದು, ದೇಶೀ ಅರಸರ ಸ್ನೇಹ ಬ್ರಿಟಿಷರಿಗೆ ಅಗತ್ಯವಾಗಿತ್ತು.

ಸ್ವತಂತ್ರ ಭಾರತ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ ಈ ಪ್ರಶ್ನೆಗೆ ಉತ್ತರ ಕೊಟ್ಟಿತು. ಅದರಂತೆ, ದತ್ತಕದ ದಿನದಿಂದ ಮಗು ಎಲ್ಲ ರೀತಿಯಲ್ಲೂ ದತ್ತು ಪಡೆದವರದೇ. ಹುಟ್ಟಿದ ಮನೆಯ ನಂಟು ಕಡಿಯುತ್ತದೆ. ಆದರೆ ಆ ಮನೆಯಲ್ಲಿ ಯಾರನ್ನು ಮದುವೆಯಾಗಬಾರದಿತ್ತೋ ಅವರನ್ನು ಮುಂದೆಯೂ ಆಗುವಂತಿಲ್ಲ. ನಂಟಿನ ಲೆಕ್ಕದಲ್ಲಿ ಕಾನೂನು ರಕ್ತಕ್ಕೆ ಉಳಿಸಿದ್ದು ಇಷ್ಟೇ. ಉಳಿದದ್ದೆಲ್ಲ ಕೈಚಾಚಿ ಬರಮಾಡಿಕೊಂಡವರದು.