ಮೆನುವಿನ ಮೇಲೆ ಯಾರ ಹಕ್ಕು? ಲೋಟಸ್–ಬೋರ್ಲ್ಯಾಂಡ್ ವ್ಯಾಜ್ಯದ ಮರುಪರಿಶೀಲನೆ

ಅಮೆರಿಕದಲ್ಲಿ 1990ರಿಂದ 1996ರವರೆಗೆ ಲೋಟಸ್ ಮತ್ತು ಬೋರ್ಲ್ಯಾಂಡ್ ಕಂಪನಿಗಳ ನಡುವೆ ನಡೆದ ಹಕ್ಕುಸ್ವಾಮ್ಯದ ವ್ಯಾಜ್ಯವನ್ನು ತಂತ್ರಾಂಶದ ‘ನೋಟ’ ಕದ್ದ ಪ್ರಕರಣಗಳ ಸಾಲಿಗೆ ಸೇರಿಸುವುದು ರೂಢಿ. ತೀರ್ಪುಗಳನ್ನು ಓದಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಬೋರ್ಲ್ಯಾಂಡ್ ಲೋಟಸ್‌ನ ಕೋಡ್ ಮುಟ್ಟಿರಲಿಲ್ಲ. ಅದರ ಪರದೆಯೂ ಸ್ವಲ್ಪ ಬೇರೆಯಾಗಿಯೇ ಕಾಣುತ್ತಿತ್ತು. ಅದು ಎತ್ತಿಕೊಂಡದ್ದು ಮೆನುವಿನ ಪದಗಳನ್ನು, ಅವುಗಳ ಜೋಡಣೆಯನ್ನು. ಜಗಳದ ತಿರುಳು ಇದ್ದದ್ದು ಬಳಕೆದಾರರ ಶ್ರಮದಲ್ಲಿ ಎಂಬುದು ನನ್ನ ವಾದ.

1983ರ ಜನವರಿಯಲ್ಲಿ ಬಂದ ‘ಲೋಟಸ್ 1-2-3’ ಸ್ಪ್ರೆಡ್‌ಶೀಟಿನಲ್ಲಿ ಸ್ಲ್ಯಾಶ್ ಕೀಲಿ ಒತ್ತಿದರೆ ವರ್ಕ್‌ಶೀಟ್, ರೇಂಜ್, ಕಾಪಿ, ಮೂವ್, ಫೈಲ್ ಎಂದು ಕಮಾಂಡುಗಳ ಸಾಲು ಮೂಡುತ್ತಿತ್ತು. ಮುಂದೆ ಮೊದಲಕ್ಷರ ಒತ್ತಿದರೆ ಸಾಕು: ಫೈಲ್ ಸೇವ್ ಮಾಡಲು ಸ್ಲ್ಯಾಶ್, ಎಫ್, ಎಸ್. ಹೀಗೆ 469 ಕಮಾಂಡುಗಳು ಐವತ್ತಕ್ಕೂ ಹೆಚ್ಚು ಮೆನು, ಉಪಮೆನುಗಳಲ್ಲಿ ಹಂಚಿಕೊಂಡಿದ್ದವು. ದಿನವೂ ಮಾಡಬೇಕಾದ ಲೆಕ್ಕಗಳಿಗೆ ಜನ ಈ ಅಕ್ಷರಗಳನ್ನೇ ಪೋಣಿಸಿ ಮ್ಯಾಕ್ರೊ ಬರೆದಿಟ್ಟುಕೊಳ್ಳುತ್ತಿದ್ದರು. ಮೆನುವಿನಲ್ಲಿ ಒಂದು ಪದದ ಮೊದಲಕ್ಷರ ಬದಲಾದರೂ ಆ ಮ್ಯಾಕ್ರೊ ಕೆಡುತ್ತದೆ. ಸ್ಲ್ಯಾಶ್ ಒತ್ತಿ ಕಮಾಂಡ್ ಕೊಡುವ ಪದ್ಧತಿಯಾದರೂ ಲೋಟಸ್ ಹುಟ್ಟುಹಾಕಿದ್ದಲ್ಲ; 1979ರ ವಿಸಿಕ್ಯಾಲ್ಕ್‌ನಲ್ಲೇ ಅದಿತ್ತು.

1990ರ ಜೂನ್ 28ರಂದು ನ್ಯಾಯಾಧೀಶ ರಾಬರ್ಟ್ ಕೀಟನ್, ಲೋಟಸ್ ಮೆನುವನ್ನೇ ನಕಲಿಸಿದ್ದ ಪೇಪರ್‌ಬ್ಯಾಕ್ ಸಾಫ್ಟ್‌ವೇರ್ ಎಂಬ ಇನ್ನೊಂದು ಕಂಪನಿಯ ವಿರುದ್ಧ ಲೋಟಸ್‌ನ ಪರವಾಗಿ ತೀರ್ಪಿತ್ತರು. ನಾಲ್ಕೇ ದಿನಕ್ಕೆ ಲೋಟಸ್ ಬೋರ್ಲ್ಯಾಂಡ್ ಮೇಲೆ ದಾವೆ ಹೂಡಿತು. 1992ರಲ್ಲಿ ಸೋತ ಬೋರ್ಲ್ಯಾಂಡ್ ತನ್ನ ಸ್ಪ್ರೆಡ್‌ಶೀಟ್ ‘ಕ್ವಾಟ್ರೊ ಪ್ರೊ’ದಿಂದ ಲೋಟಸ್ ಮೆನುವನ್ನು ಕಿತ್ತುಹಾಕಿ, ಹಳೆಯ ಮ್ಯಾಕ್ರೊಗಳನ್ನು ಓದುವ ‘ಕೀ ರೀಡರ್’ ಒಂದನ್ನು ಉಳಿಸಿಕೊಂಡಿತು. ಅದರ ಒಳಗಿನ ಫೈಲಿನಲ್ಲಿ ಇದ್ದದ್ದು ಲೋಟಸ್ ಮೆನುವಿನ ಕ್ರಮ, ಪೂರ್ತಿ ಪದಗಳ ಬದಲಿಗೆ ಬರೀ ಮೊದಲಕ್ಷರಗಳು. ಬಳಕೆದಾರರ ಕಣ್ಣಿಗೆ ಅದರಲ್ಲಿ ಏನೂ ಬೀಳುತ್ತಿರಲಿಲ್ಲ. 1993ರಲ್ಲಿ ಕೀಟನ್ ಅದನ್ನೂ ಉಲ್ಲಂಘನೆಯೆಂದರು. ‘ನೋಟ’ದ ವ್ಯಾಖ್ಯಾನ ಕುಸಿದು ಬೀಳುವುದು ಇಲ್ಲಿ.

1995ರ ಮಾರ್ಚ್ 9ರಂದು ಮೇಲ್ಮನವಿ ನ್ಯಾಯಾಲಯ ತೀರ್ಪನ್ನು ತಿರುಗಿಸಿತು. ಮೆನು ಎಂಬುದು ಯಂತ್ರವನ್ನು ನಡೆಸುವ ವಿಧಾನ, ಹಕ್ಕುಸ್ವಾಮ್ಯ ಕಾಯಿದೆಯ 102(ಬಿ) ವಿಧಿಯಂತೆ ವಿಧಾನಕ್ಕೆ ಹಕ್ಕುಸ್ವಾಮ್ಯವಿಲ್ಲ ಎಂದು ನ್ಯಾಯಾಧೀಶ ನಾರ್ಮನ್ ಸ್ಟಾಲ್ ಬರೆದರು. ಅದಕ್ಕಿಂತ ಆಳಕ್ಕಿಳಿದದ್ದು ಮೈಕೆಲ್ ಬೌಡಿನ್ ಅವರ ಸಹಮತದ ಟಿಪ್ಪಣಿ. ಕ್ವೆರ್ಟಿ ಕೀಲಿಮಣೆಗೆ ಒಬ್ಬನೇ ಒಡೆಯನಿದ್ದಿದ್ದರೆ ಬೆರಳಚ್ಚು ಕಲಿತವರೆಲ್ಲ ಅವನ ಸೆರೆಯಾಳುಗಳಾಗುತ್ತಿದ್ದರು; ಮ್ಯಾಕ್ರೊ ಬರೆದವರ ಪಾಡೂ ಅದೇ ಎಂದು ಅವರು ಕಂಡರು. ಕಲಿತವರ ದುಡಿಮೆಯ ಮೇಲೆ ಕಲಿಸಿದ ಕಂಪನಿಗೆ ಹಕ್ಕಿಲ್ಲವೆಂಬ ಈ ತಿಳಿವಳಿಕೆಯೇ ಪ್ರಕರಣದ ನಿಜವಾದ ಗಳಿಕೆ ಎಂದು ನಾನು ಎಣಿಸುತ್ತೇನೆ.

ಲೋಟಸ್ ಸುಪ್ರೀಂ ಕೋರ್ಟಿಗೆ ಹೋದಾಗ ಅಲ್ಲಿ ನ್ಯಾಯಮೂರ್ತಿ ಸ್ಟೀವನ್ಸ್ ವಿಚಾರಣೆಯಿಂದ ಹಿಂದೆ ಸರಿದರು. ಉಳಿದವರು 4–4ರಲ್ಲಿ ಸಮನಾಗಿ ಒಡೆದರು. 1996ರ ಜನವರಿ 16ರ ಆದೇಶ ಕಾರಣ ಕೊಡದೆ ಕೆಳಗಿನ ತೀರ್ಪನ್ನು ಉಳಿಸಿತು. ಹಾಗಾಗಿ ಅದು ದೇಶಕ್ಕೆಲ್ಲ ಪೂರ್ವನಿದರ್ಶನವಾಗಲಿಲ್ಲ. 2021ರಲ್ಲಿ, ಒರೇಕಲ್‌ನ ಪ್ರೋಗ್ರಾಮಿಂಗ್ ಕಮಾಂಡುಗಳ ಹೆಸರು, ಜೋಡಣೆಯನ್ನು ಗೂಗಲ್ ನಕಲಿಸಿದ್ದ ಗೂಗಲ್–ಒರೇಕಲ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಬೌಡಿನ್ ಅವರ ಟಿಪ್ಪಣಿಯನ್ನು ಉಲ್ಲೇಖಿಸಿ, ಪ್ರೋಗ್ರಾಮರ್‌ಗಳು ಕಲಿಕೆಗೆ ಹೂಡಿದ ಶ್ರಮಕ್ಕೆ ತೂಕ ಕೊಟ್ಟಿತು. ನ್ಯಾಯೋಚಿತ ಬಳಕೆಯ ಆಧಾರದ ಮೇಲೆ ಗೂಗಲ್ ಗೆದ್ದಿತು. ಇಂಥ ಕಮಾಂಡ್ ಜೋಡಣೆಗೆ ಹಕ್ಕುಸ್ವಾಮ್ಯ ಸಲ್ಲುತ್ತದೆಯೇ ಎಂಬ ಮೂಲ ಪ್ರಶ್ನೆಯನ್ನು ನ್ಯಾಯಾಲಯ ಆಗಲೂ ತೀರ್ಮಾನಿಸಲಿಲ್ಲ.